ಮಕ್ಕಳ ಮೂಲೆಯ ಫೋಟೊ

ಅಣ್ಣ ತೀರಿಕೊಂಡ ಮೇಲೆ ಅಮ್ಮ ಕೇಳುತ್ತಿದ್ದುದು ಒಂದೇ ಮಾತು. "ಎಲ್ಲಿ ಮಲಗ್ಸಿದ್ರೇ ಅವ್ನನ್ನ?"

ಓಕಳಿಪುರಂ ಹತ್ತಿರದ ಒಂದು ಗೋಡೌನಿನಲ್ಲಿ ಕೆಲಸ ಮಾಡುವಾಗ ಮೂಟೆಗಳ ಸಾಲು ಕುಸಿದು ಅವನ ಮೇಲೆ ಬಿದ್ದಿತ್ತು. ಇಪ್ಪತ್ತಾರು ವರ್ಷ ಅವನಿಗೆ. ಶ್ರೀರಾಂಪುರದ ನಮ್ಮ ವಠಾರದಿಂದ ಗಂಡಸರು ಅವನನ್ನು ಹೊತ್ತುಕೊಂಡು ಹೋದಾಗ ಅಮ್ಮ ಬೀದಿಯ ತಿರುವಿನವರೆಗೂ ಹಿಂದೆ ಓಡಿದಳು. ನಾಲ್ಕು ಜನ ಹೆಂಗಸರು ಅವಳ ರಟ್ಟೆ ಹಿಡಿದು ವಾಪಸು ಎಳೆದುಕೊಂಡು ಬಂದರು. ಮಣ್ಣು ಮಾಡುವ ಜಾಗಕ್ಕೆ ಹೆಂಗಸರು ಹೋಗುವುದು ಆಗ ನಮ್ಮಲ್ಲಿ ಇರಲಿಲ್ಲ. ಹೋದ ಗಂಡಸರು ಸ್ನಾನ ಮಾಡಿ ಬಂದು ಕೂತರು. ಅಮ್ಮ ಒಬ್ಬೊಬ್ಬರನ್ನೇ ಕೇಳಿದಳು. ನೆರಳಿದೆಯಾ? ತಲೆ ಯಾವ ಕಡೆಗಿದೆ? ನಾಯಿಗಳು ಕೆದಕದ ಹಾಗೆ ಕಲ್ಲು ಇಟ್ಟಿದ್ದಾರಾ? ಚಿಕ್ಕಪ್ಪ, "ಎಲ್ಲಾ ಸರ್ಯಾಗೇ ಮಾಡಿದೀವಿ ಅತ್ತಿಗೆ, ಸುಮ್ನಿರಿ" ಎಂದು ಎದ್ದು ಹೋದರು. ಅಮ್ಮ ಊಟ ಬಿಟ್ಟಳು.

ಆಗ ತೊಂಬತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ನಾನು ಚಾಮರಾಜಪೇಟೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ಮಾಡುತ್ತಿದ್ದೆ. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ಗೀಚಿ, ಮುಖದ ಕಲೆ ಅಳಿಸಿ, ಹೆಣ್ಣು ನೋಡಲು ಬರುವವರಿಗೆ ಕೊಡುವ ಹುಡುಗಿಯರ ಫೋಟೊಗಳನ್ನು ಚೆಂದ ಮಾಡುವ ಕೆಲಸ. ಹತ್ತನೇ ದಿನ ನಾನು ಓನರ್ ಹತ್ತಿರ ಹೋಗಿ, ಹಳೆಯ ಕ್ಯಾಮೆರಾ ಒಂದು ದಿನದ ಮಟ್ಟಿಗೆ ಬೇಕು ಅಂದೆ. ಯಾಕೆ ಅಂತ ಹೇಳಿದೆ. ಅವರೇ ರೋಲು ಹಾಕಿಕೊಟ್ಟರು. ಹೆಣ್ಣುಮಗಳು ಅಲ್ಲಿಗೆ ಬರಬಾರದು ಅಂತ ಚಿಕ್ಕಪ್ಪ ಮೊದಲು ಬೈದು, ಆಮೇಲೆ ಕರೆದುಕೊಂಡು ಹೋಗಿ ತೋರಿಸಿದರು.

ಮರುದಿನ ಪ್ರಿಂಟನ್ನು ಅಮ್ಮನ ಕೈಗೆ ಕೊಟ್ಟಾಗ ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ತಲೆ ಯಾವ್ದು?" ಅಂದಳು. ನಾನು ಬೆರಳಿಟ್ಟು ತೋರಿಸಿದೆ. "ಬೇವಿನ್ ಮರ ಇದೆ ಅಲ್ವಾ" ಅಂದಳು. ಅವತ್ತು ಅವಳು ಎರಡು ತುತ್ತು ಅನ್ನ ತಿಂದಳು.

ಅದನ್ನು ನೋಡಿದ ವಠಾರದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆಯತೊಡಗಿದರು. ಗಂಡನದು, ಮಗನದು, ತಂಗಿಯದು. ಮಾತು ಮಲ್ಲೇಶ್ವರದವರೆಗೂ ಹೋಯಿತು, ಮತ್ತಿಕೆರೆಯಿಂದಲೂ ಒಬ್ಬರು ಬಂದರು. ಇದನ್ನೇ ಒಂದು ಬೇರೆ ಕೆಲಸವಾಗಿ ಮಾಡಬಹುದು ಅಂತ ಸ್ಟುಡಿಯೋದ ಓನರ್‌ಗೆ ಅನ್ನಿಸಿತು. ಪಕ್ಕದ ಪ್ರೆಸ್ಸಿನಿಂದ ತಿಂಗಳ ಹಾಳೆಗಳ ಪುಟ್ಟ ಕಟ್ಟು ತರಿಸಿ, ರಟ್ಟಿನ ಮೇಲೆ ಸಮಾಧಿಯ ಫೋಟೊ, ಅದರ ಕೆಳಗೆ ಆ ಕಟ್ಟು ಅಂಟಿಸಿ ಕ್ಯಾಲೆಂಡರ್ ಮಾಡಿದರು. ಮೊದಲು ಮಾಡಿದವು ದೊಡ್ಡದಾಗಿದ್ದವು. ಯಾರೂ ಒಯ್ಯಲಿಲ್ಲ. ಮನೆಯ ಗೋಡೆಗೆ ಗೋರಿ ತೂಗುಹಾಕಲು ಗಂಡಸರು ಬಿಡುವುದಿಲ್ಲ ಅಂದರು ಹೆಂಗಸರು. ಹಾಗಾಗಿ ಅಂಗೈ ಅಗಲದ್ದು ಮಾಡಿದೆವು, ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸುವಂಥದ್ದು. ಸೀರೆ ತೆಗೆಯುವಾಗ ಒಂದು ಸಲ ನೋಡಿ ಬಾಗಿಲು ಹಾಕಿದರಾಯಿತು. ಬೇಕಾದವರಿಗೆ ಪರ್ಸಿನಲ್ಲಿ ಇಟ್ಟುಕೊಳ್ಳುವ ಲ್ಯಾಮಿನೇಷನ್ ಕಾರ್ಡು. ನಾನು ಟಚಿಂಗ್ ಬಿಟ್ಟು ಇದನ್ನೇ ಮಾಡತೊಡಗಿದೆ.

ಎರಡು ವರ್ಷ ಕಳೆದಿರಬೇಕು. ಒಂದು ಶನಿವಾರ ಮಧ್ಯಾಹ್ನ ಬಸವನಗುಡಿಯ ಟೀಚರ್ ಒಬ್ಬರು ಬಂದರು. ಕಾಟನ್ ಸೀರೆ, ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು. ಶಾಲೆಯಿಂದ ನೇರ ಬಂದಿದ್ದರು. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊದವರು ಇಬ್ಬರು ಇದ್ದರು. ಅವರು ಹೋಗುವವರೆಗೂ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಹೇಳಿದರು.

"ನನ್ ಮಗಳು. ಎರಡೂವರೆ ವರ್ಷ. ಜ್ವರ ಬಂತು, ಮೂರೇ ದಿನ. ಇಲ್ಲೇ ಚಾಮರಾಜಪೇಟೆ ಕಡೆ ಅಂತ ಮಾತ್ರ ಗೊತ್ತು. ನೀವು ಹೋಗಿ ನೋಡಿ, ಒಂದು ಫೋಟೊ ತೆಕ್ಕೊಡ್ತೀರಾ?"

ಅವರ ಮನೆಗಳಲ್ಲಿ ದೊಡ್ಡವರನ್ನು ಸುಡುತ್ತಾರೆ, ಎಳೆಯ ಮಕ್ಕಳನ್ನು ಹೂಳುತ್ತಾರೆ. ಅದಕ್ಕೆ ತಿಥಿಯಿಲ್ಲ, ಕಲ್ಲಿಲ್ಲ. ಹೆಂಗಸರು ಅಲ್ಲಿಗೆ ಹೋಗುವುದು ಅವರಲ್ಲೂ ಇಲ್ಲ. ಮಗು ಹೋದ ದಿನ ಟೀಚರ್‌ಗೂ ಜ್ವರವಿತ್ತು, ಒಳಕೋಣೆಯಲ್ಲಿ ಮಲಗಿಸಿದ್ದರು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಗು ಇರಲಿಲ್ಲ. ಗಂಡ ಮತ್ತು ಭಾವ ಕಾರಿನಲ್ಲಿ ತೆಗೆದುಕೊಂಡು ಹೋಗಿಬಿಟ್ಟಿದ್ದರು.

"ನಿಮ್ಮೆಜಮಾನ್ರನ್ನ ಕೇಳಿದ್ರಾ?" ಅಂದೆ.

"ಹತ್ತು ತಿಂಗಳಿಂದ ಕೇಳ್ತಿದೀನಿ. 'ತಿಳ್ಕೊಂಡು ಏನ್ಮಾಡ್ತೀಯಾ' ಅಂತಾರೆ. ಒಂದೇ ಉತ್ತರ. ನಾನು ಹೆತ್ತಿದ್ದಲ್ವಾ ಅದನ್ನ?" ಹಾಗಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಂದು ಚೀಟಿಯಲ್ಲಿ ಮಗುವಿನ ಹೆಸರು, ಹೋದ ತಾರೀಖು, ತೊಡಿಸಿದ್ದ ಹಳದಿ ಫ್ರಾಕು, ಎಲ್ಲ ಬರೆದುಕೊಂಡು ಬಂದಿದ್ದರು. ಕೆಂಪು ಶಾಯಿ. ಪೇಪರ್ ತಿದ್ದುವ ಪೆನ್ನು.

ಸೋಮವಾರ ನಾನು ಚಾಮರಾಜಪೇಟೆಯ ಸ್ಮಶಾನಕ್ಕೆ ಹೋದೆ. ಅಲ್ಲಿ ಗುಂಡಿ ತೋಡುವ ತಾತ ಒಬ್ಬರಿದ್ದರು. ಅವರ ತಂದೆಯೂ ಅಲ್ಲೇ ಅದೇ ಕೆಲಸ ಮಾಡಿದವರು. ಅವರು ನನ್ನನ್ನು ಹಿಂಬದಿಯ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಆ ಜಾಗಕ್ಕೆ ಮಕ್ಕಳ ಮೂಲೆ ಅನ್ನುತ್ತಿದ್ದರು. ಗೋಡೆಯುದ್ದಕ್ಕೂ ಚಿಕ್ಕ ಚಿಕ್ಕ ದಿಬ್ಬಗಳು. ಕೆಲವು ತಗ್ಗಿ ನೆಲಕ್ಕೆ ಸೇರಿದ್ದವು. ಒಂದೆರಡರ ಮೇಲೆ ಬಾಡಿದ ಸೇವಂತಿಗೆ, ಒಂದರ ಮೇಲೆ ಹಾಲಿನ ಬಾಟಲಿ.

"ಹೋದ್ ವರ್ಷದ ಮಗು ಅಂತೀಯ. ಹೆಂಗೆ ಹೇಳ್ಲಿ ತಾಯಿ? ಬುಕ್ಕಲ್ಲಿ ಹೆಸರಿರ್ತದೆ, ಜಾಗ ಇರಲ್ಲ. ಎರಡ್ ಮಳೆ ಬಂದ್ರೆ ಕೂತೋಯ್ತದೆ. ಅದ್ರ ಮೇಲೆ ಇನ್ನೊಂದ್ ಬರ್ತದೆ."

"ಹಳದಿ ಫ್ರಾಕು ಹಾಕಿತ್ತಂತೆ ತಾತ. ಕಾರಲ್ಲಿ ಬಂದಿದ್ರಂತೆ."

ಅವರು ತಲೆ ಕೆಳಗೆ ಹಾಕಿದರು. "ಮಕ್ಕಳ ಮುಖ ನಾನು ನೋಡಲ್ಲ ತಾಯಿ. ನೋಡಿದ್ರೆ ಈ ಕೆಲ್ಸ ಆಗಲ್ಲ."

ಆ ತಿಂಗಳಲ್ಲಿ ಐದು ಸಲ ಹೋಗಿದ್ದೆ. ಬುಕ್ಕಿನಲ್ಲಿ ಹೆಸರು ಸಿಕ್ಕಿತು, ತಾರೀಖು ಸರಿಹೋಯಿತು. ಅದೇ ವಾರದಲ್ಲಿ ಇನ್ನೂ ಮೂರು ಮಕ್ಕಳ ಹೆಸರಿತ್ತು. ಇತ್ತ ಟೀಚರ್ ಪ್ರತಿ ಶನಿವಾರ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. "ಸಿಕ್ತಾ?" ಅಂತ ಕೇಳುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಪ್ರತಿ ವಾರವೂ ಅವರ ಕುಪ್ಪಸದ ತೋಳು ಇನ್ನಷ್ಟು ಸಡಿಲವಾದಂತೆ ಕಾಣುತ್ತಿತ್ತು. ನನ್ನ ಅಮ್ಮ ಊಟ ಬಿಟ್ಟಿದ್ದ ಹತ್ತು ದಿನ ನನಗೆ ನೆನಪಿತ್ತು. ಇವರದು ಹತ್ತು ತಿಂಗಳಾಗಿತ್ತು.

ಕೊನೆಗೆ ನಾನು ಅವರ ಗಂಡನನ್ನು ಹುಡುಕಿಕೊಂಡು ಅವರ ಆಫೀಸಿಗೆ ಹೋದೆ. ಸರ್ಕಾರಿ ಗುಮಾಸ್ತರು. ನಾನು ಯಾರು, ಯಾಕೆ ಬಂದೆ ಅಂತ ಹೇಳುತ್ತಿದ್ದಂತೆ ನನ್ನನ್ನು ಬೇಗಬೇಗ ಹೊರಗೆ ಕರೆತಂದು ಕಾಂಪೌಂಡಿನ ಪಕ್ಕ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ.

"ಸಾರ್, ಜಾಗ ಒಂದು ತೋರಿಸ್ಬಿಡಿ ಸಾಕು. ಅವ್ರಿಗೆ ಹೇಳೋದೇನೂ ಬೇಡ" ಅಂದೆ.

"ನಂಗೊತ್ತಿಲ್ಲಮ್ಮ."

ನನಗೆ ಅರ್ಥವಾಗಲಿಲ್ಲ.

"ನಂಗೂ ಗೊತ್ತಿಲ್ಲ" ಅಂದರು ಮತ್ತೆ. "ಕಾರಲ್ಲಿ ತೊಡೆ ಮೇಲೆ ಇಟ್ಕೊಂಡು ಹೋದೆ. ಮಳೆ. ನಮ್ಮಣ್ಣ ಛತ್ರಿ ಹಿಡ್ಕೊಂಡಿದ್ದ. ಮೂರು ಹಿಡಿ ಮಣ್ಣು ಹಾಕು, ತಿರುಗಿ ನೋಡ್ಬೇಡ, ನಡಿ ಅಂದ್ರು. ನಾನು ನಡೆದೆ. ಒಂದು ವಾರ ಬಿಟ್ಟು ಒಬ್ನೇ ಹೋದೆ. ನಾಲ್ಕು ಹೊಸಾ ದಿಬ್ಬ. ನಾಲ್ಕೂ ಒಂದೇ ಥರ. ಅಣ್ಣನ್ನ ಕರ್ಕೊಂಡು ಹೋದ್ರೆ ಒಂದು ಸಲ ಇದು ಅಂದ, ಇನ್ನೊಂದು ಸಲ ಅದು ಅಂದ. ಮಗುನ ಎಲ್ಲಿ ಬಿಟ್ಟುಬಂದೆ ಅನ್ನೋದೇ ಗೊತ್ತಿಲ್ಲ ಅಂತ ಅವಳ ಹತ್ರ ಯಾವ ಬಾಯಲ್ಲಿ ಹೇಳ್ಲಿ?"

ಕಾಂಪೌಂಡಿಗೆ ಹಣೆ ಒತ್ತಿಕೊಂಡು ಅವರು ಅತ್ತರು. ಹೋಗುವ ಬರುವ ಜನ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು ಹೇಳಿದರು. "ಯಾವುದಾದ್ರೂ ಒಂದನ್ನ ತೆಗೆದುಕೊಟ್ಬಿಡಿ. ನಾನೇ ತೋರಿಸ್ದೆ ಅಂತ ಹೇಳಿ, ಆಗ ನಂಬ್ತಾಳೆ. ಕೈ ಮುಗೀತೀನಿ. ಅವಳು ಉಳಿಯೋಲ್ಲ ಹೀಗೇ ಹೋದ್ರೆ."

ನಾನು ಆಗುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ, ಹೊಂಗೆ ಮರದ ಹತ್ತಿರ ಇನ್ನೂ ಆಕಾರ ಉಳಿಸಿಕೊಂಡಿದ್ದ ಒಂದು ದಿಬ್ಬವನ್ನು ಆರಿಸಿಕೊಂಡೆ. ಮೇಲಿದ್ದ ಕಸ ತೆಗೆದೆ. ಒಂದು ಮೊಳ ಕನಕಾಂಬರ ಇಟ್ಟೆ. ಹಿಂದಿನ ಗೋಡೆ ಕಾಣುವ ಹಾಗೆ ನಿಂತು ನಾಲ್ಕು ಫೋಟೊ ತೆಗೆದೆ. ತಾತ ದೂರದಿಂದ ನೋಡುತ್ತಿದ್ದರು.

ಶನಿವಾರ ಕ್ಯಾಲೆಂಡರ್ ಸಿದ್ಧವಾಗಿತ್ತು. ಟೀಚರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೆಬ್ಬೆರಳಿನಿಂದ ದಿಬ್ಬವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದರು.

"ಯಾರು ತೋರಿಸಿದ್ರು?"

"ನಿಮ್ಮೆಜಮಾನ್ರು."

"ನಿಮಗೆ ತೋರಿಸಿದ್ರಾ" ಅಂದರು. ಅದು ಪ್ರಶ್ನೆಯ ಹಾಗಿರಲಿಲ್ಲ. ನನಗೆ ಆಗ ಅದರ ಅರ್ಥ ಹೊಳೆಯಲಿಲ್ಲ. ಕ್ಯಾಲೆಂಡರನ್ನು ಉತ್ತರ ಪತ್ರಿಕೆಗಳ ನಡುವೆ ಇಟ್ಟುಕೊಂಡು ಹೋದರು.

ಒಂದು ಸಲದ ಸುಳ್ಳು ಅಂದುಕೊಂಡಿದ್ದೆ. ಅವರು ಮುಂದಿನ ವರ್ಷವೂ ಬಂದರು. ಹೊಸ ಫೋಟೊ ಬೇಕು, ಈಗ ಹೇಗಿದೆ ನೋಡಬೇಕು ಅಂದರು. ಹೋಗಿ ನೋಡಿದರೆ ದಿಬ್ಬ ತಗ್ಗಿ ಅಂಗೈಯಷ್ಟು ಉಬ್ಬು ಉಳಿದಿತ್ತು. ನಾನು ಕೂತು, ಸುತ್ತಲಿನ ಮಣ್ಣು ಕೆರೆದು, ನಲ್ಲಿಯಿಂದ ನೀರು ತಂದು, ಕೈಯಾರೆ ದಿಬ್ಬ ಕಟ್ಟಿದೆ. ಅದೇ ಕೋನದಿಂದ ತೆಗೆದೆ. ಅದರ ಮುಂದಿನ ವರ್ಷವೂ ಹಾಗೇ. ಟೀಚರ್ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಇಟ್ಟುಕೊಂಡು ಹೋಲಿಸುತ್ತಿದ್ದರು. "ಗೋಡೆ ಬಿರುಕು ದೊಡ್ಡದಾಗಿದೆ ನೋಡಿ" ಅನ್ನುತ್ತಿದ್ದರು. "ಹೊಂಗೆ ಈ ಸಲ ಚೆನ್ನಾಗಿ ಚಿಗುರಿದೆ." ಮಗುವಿನ ಹುಟ್ಟುಹಬ್ಬಕ್ಕೆ ಅಲ್ಲಿಡಲು ಏನಾದರೂ ಕಳಿಸುತ್ತಿದ್ದರು. ಒಂದು ಡಜನ್ ಪುಟಾಣಿ ಬಳೆ. ಒಂದು ವರ್ಷ ಗಾಂಧಿ ಬಜಾರಿನಲ್ಲಿ ಕೊಂಡ ಕಾಗದದ ಗಿರಗಿಟ್ಲೆ. ನಾನು ಅದನ್ನು ಯಾರದೋ ಮಗುವಿನ ಮೇಲೆ ನೆಟ್ಟು, ಗಾಳಿಗೆ ಕಾದು, ಅದು ತಿರುಗುವಾಗ ಫೋಟೊ ತೆಗೆದೆ. ಆ ಫೋಟೊ ನೋಡಿ ಟೀಚರ್ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತು ನಾನು ಡಾರ್ಕ್ ರೂಮಿನ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಒಬ್ಬಳೇ ಹೊರಲಾರದೆ ಅಮ್ಮನಿಗೆ ಹೇಳಿದೆ. ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆ. ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು.

"ನಂಗೆ ತೋರ್ಸಿದ್ದು ನಿಜವಾದ್ದೇ ತಾನೇ?"

"ಅಮ್ಮಾ! ಚಿಕ್ಕಪ್ಪನೇ ಕರ್ಕೊಂಡ್ ಹೋಗಿದ್ದು."

"ಅವ್ರೆಜಮಾನ್ರೂ ಹಂಗೇ ತಾನೇ ಹೇಳ್ಸಿದ್ದು."

ನಾನು ಆಣೆ ಮಾಡಿದೆ. ಚಿಕ್ಕಪ್ಪನನ್ನು ಕರೆದು ಹೇಳಿಸಿದೆ. ಅವಳು ಹೂಂ ಅಂದಳು. ಆದರೆ ದಿನಾ ಬೆಳಿಗ್ಗೆ ಅಣ್ಣನ ಸಮಾಧಿಯ ಫೋಟೊ ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವಳು ಅದನ್ನು ನಿಲ್ಲಿಸಿದಳು. ಕೊನೆಗೆ ಒಂದು ದಿನ, ವಠಾರದವರು ಏನಾದರೂ ಅಂದುಕೊಳ್ಳಲಿ ಎಂದು ನಾನೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವಳು ಬೇವಿನ ಮರವನ್ನು ಮುಟ್ಟಿ ನೋಡಿದಳು. ಮಣ್ಣಿನ ಮೇಲೆ ಕೂತಳು. "ಇರ್ಬೋದು" ಅಂದಳು. ನನ್ನ ತಾಯಿ, ತನ್ನ ಮಗನ ಗೋರಿಯ ಮುಂದೆ ಕೂತು, ಇರಬಹುದು ಅಂದಳು. ಅವಳು ಸಾಯುವವರೆಗೂ ಆ ಅನುಮಾನ ಅವಳನ್ನು ಬಿಡಲಿಲ್ಲ. ಅದನ್ನು ಅವಳ ಒಳಗೆ ಬಿತ್ತಿದವಳು ನಾನು.

ಟೀಚರ್‌ಗೆ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಬಸವನಗುಡಿಯವರೆಗೂ ಹೋಗಿ, ಅವರ ಮನೆಯ ರಸ್ತೆಯ ಕೊನೆಯಲ್ಲಿ ನಿಂತು ವಾಪಸು ಬಂದೆ. ಹಾಗೇ ಏಳು ವರ್ಷ ಆಯಿತು. ಎರಡು ಸಾವಿರ ಇಸವಿ ದಾಟಿತ್ತು. ಸ್ಟುಡಿಯೋಗೆ ಕಂಪ್ಯೂಟರ್ ಬಂದಿತ್ತು, ಕ್ಯಾಲೆಂಡರುಗಳು ಬಣ್ಣದಲ್ಲಿ ಅಚ್ಚಾಗಿ ಬರುತ್ತಿದ್ದವು.

ಒಂದು ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಟೀಚರ್ ಮೆಟ್ಟಿಲ ಮೇಲೆ ನಿಂತಿದ್ದರು. ಚಪ್ಪಲಿ ಅದಲುಬದಲಾಗಿತ್ತು, ಒಂದು ಕಪ್ಪು, ಒಂದು ಕಂದು.

"ಹಿಂದಿನ ಗೋಡೆ ಒಡೆದು ಶೆಡ್ ಕಟ್ತಾರಂತೆ. ನಮ್ ಸ್ಕೂಲಿನ ಆಯಾ ಹೇಳಿದ್ಲು. ಮಕ್ಕಳ ಮೂಲೆ ಪೂರ್ತಿ ಅಗೀತಾರಂತೆ. ನನ್ನ ಈಗ್ಲೇ ಕರ್ಕೊಂಡು ಹೋಗಿ. ಒಂದ್ ಹಿಡಿ ಮಣ್ಣು ತಂದ್ಕೋತೀನಿ. ಕುಂಡದಲ್ಲಿ ಹಾಕಿ ಮನೇಲಿಟ್ಕೋತೀನಿ. ಅವರನ್ನ ಕೇಳೋದಿಲ್ಲ ನಾನು."

ಆಟೋದಲ್ಲಿ ಹೋಗುವಾಗ ಅವರು ತೊಡೆಯ ಮೇಲೆ ಸ್ಟೀಲಿನ ಡಬ್ಬಿಯೊಂದನ್ನು ಇಟ್ಟುಕೊಂಡಿದ್ದರು. ಗೇಟಿನ ಮುಂದೆ ಇಳಿದೆವು. ಅವರು ಒಳಗೆ ಹೆಜ್ಜೆ ಇಡುವ ಮೊದಲು ನಾನು ಅವರ ಕೈ ಹಿಡಿದುಕೊಂಡೆ.

"ಟೀಚರ್, ಅದು ನಿಮ್ ಮಗುದಲ್ಲ."

ಅವರು ನಿಂತರು. ನಾನು ನಿಲ್ಲಿಸದೆ ಎಲ್ಲ ಹೇಳಿದೆ. ಬುಕ್ಕಿನಲ್ಲಿ ಜಾಗ ಬರೆಯದೆ ಇದ್ದದ್ದು, ನಾಲ್ಕು ದಿಬ್ಬ, ಕಾಂಪೌಂಡಿಗೆ ಹಣೆ ಒತ್ತಿ ಅತ್ತ ಅವರ ಗಂಡ, ನಾನು ಆರಿಸಿದ ಮಣ್ಣು, ವರ್ಷ ವರ್ಷ ನನ್ನ ಕೈಯಿಂದ ಕಟ್ಟಿದ ದಿಬ್ಬ.

ಅವರು ಕೇಳಿದ್ದು ನಾನು ಹೆದರಿದ್ದ ಪ್ರಶ್ನೆಯಲ್ಲ.

"ಅವರಿಗೂ ಗೊತ್ತಿಲ್ವಾ?"

"ಇಲ್ಲ ಟೀಚರ್. ಅವತ್ತಿಂದಾನೂ ಗೊತ್ತಿರ್ಲಿಲ್ಲ."

"ಏಳು ವರ್ಷ" ಅಂದರು. "ಏಳು ವರ್ಷ ನಾನು ಅವರ ಜೊತೆ ಕೂತು ಊಟ ಮಾಡಿಲ್ಲ. ನನಗೆ ಹೇಳದ್ದನ್ನ ದಾರೀಲಿ ಹೋಗೋ ಫೋಟೊದವಳಿಗೆ ತೋರಿಸಿದ್ರಲ್ಲ, ನಾನು ಅಷ್ಟೂ ಯೋಗ್ಯಳಲ್ವಾ ಅಂತ. ತಟ್ಟೆ ಹಾಕಿಟ್ಟು ಎದ್ದು ಹೋಗ್ತಿದ್ದೆ. ಬಾಯಿ ಬಿಟ್ಟು ಒಂದು ಮಾತು ಹೇಳ್ಲಿಲ್ಲ ಅವರೂ." ಇದ್ದಕ್ಕಿದ್ದಂತೆ ನನ್ನ ಕೈ ಕಿತ್ತುಹಾಕಿದರು. "ನೀವಾದ್ರೂ ಹೇಳ್ಬಹುದಿತ್ತಲ್ರೀ! ಮಗು ಹೋಯ್ತು, ಮಣ್ಣೂ ಇಲ್ಲ. ಗಂಡನ್ನೂ ಯಾಕ್ರೀ ಕಿತ್ಕೊಂಡ್ರಿ?"

ಅವರು ಒಳಗೆ ಓಡಿದರು. ನಾನು ಹಿಂದೆಯೇ ಹೋದೆ. ಹಿಂದಿನ ಗೋಡೆ ಅರ್ಧ ಬಿದ್ದಿತ್ತು, ಇಟ್ಟಿಗೆ ರಾಶಿ ಬಿದ್ದಿತ್ತು. ಕೆಲಸದವರು ಇನ್ನೂ ಬಂದಿರಲಿಲ್ಲ. ಟೀಚರ್ ಗೋಡೆಯ ಒಂದು ತುದಿಯಲ್ಲಿ ಮಂಡಿಯೂರಿ ಕೂತು ನೆಲದ ಮೇಲೆ ಕೈ ಇಟ್ಟರು. ಆಮೇಲೆ ಒಂದು ಮಾರು ಸರಿದು ಮತ್ತೆ ಇಟ್ಟರು. ಹಾಗೆ ಸರಿಯುತ್ತ ಸರಿಯುತ್ತ ಇಡೀ ಗೋಡೆಯುದ್ದಕ್ಕೂ ಹೋದರು, ಕಲ್ಲು, ಗಾಜು, ಮುಳ್ಳು ಯಾವುದನ್ನೂ ಲೆಕ್ಕಿಸದೆ. ಮಗುವನ್ನು ಹೆಸರು ಹಿಡಿದು ಕರೆಯುತ್ತಿದ್ದರು. ತಾತ ಬಂದು ನನ್ನ ಪಕ್ಕ ನಿಂತರು. "ಎಬ್ಬಿಸ್ಲಾ?" ಅಂದೆ. "ಬೇಡ" ಅಂದರು.

ಕೊನೆಯ ತುದಿ ಮುಟ್ಟಿದ ಮೇಲೆ ಟೀಚರ್ ಎದ್ದರು. ಡಬ್ಬಿ ಖಾಲಿಯಾಗಿಯೇ ಇತ್ತು. ಯಾವ ಮಣ್ಣು ತುಂಬಿಕೊಳ್ಳಬೇಕೆಂದು ತಿಳಿಯಲಿಲ್ಲವೇನೋ. ನನ್ನನ್ನು ದಾಟಿಕೊಂಡು ಹೋದರು. ಆಟೋದವನು ಕರೆದರೂ ಕೇಳದೆ ನಡೆದೇ ಹೋದರು. ಅವರ ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

ಹದಿನೈದು ದಿನ ಬಿಟ್ಟು ಅವರ ಯಜಮಾನರು ಸ್ಟುಡಿಯೋಗೆ ಬಂದರು. ಏಳು ಕ್ಯಾಲೆಂಡರುಗಳನ್ನು ಒಂದು ಕವರಿನಲ್ಲಿ ಹಾಕಿ ತಂದಿದ್ದರು. "ಇದನ್ನ ವಾಪಸ್ ಕೊಡು ಅಂದ್ಲು" ಎಂದು ಕೌಂಟರಿನ ಮೇಲಿಟ್ಟರು.

"ಹೇಗಿದಾರೆ ಸಾರ್?"

"ಆ ದಿನದ್ದು ಎಲ್ಲಾ ಹೇಳಿ ಅಂದ್ಲು. ಕಾರು ಹತ್ತಿದಾಗಿಂದ. ಹೇಳಿದೆ. ಎಲ್ಲಿ ನಿಂತಿದ್ರಿ, ಛತ್ರಿ ಯಾರ ತಲೆ ಮೇಲಿತ್ತು, ಮಗುವಿನ ಕಾಲು ಮುಚ್ಚಿತ್ತಾ ಅಂತ ಕೇಳಿದ್ಲು. ಪ್ರತಿ ದಿನ ಕೇಳ್ತಾಳೆ. ಪ್ರತಿ ದಿನ ಹೇಳ್ತೀನಿ." ಕವರನ್ನು ನನ್ನ ಕಡೆ ಸರಿಸಿ, "ಊಟಕ್ಕೆ ಜೊತೇಲಿ ಕೂರ್ತಾಳೆ ಈಗ. ತಿನ್ನೋದಿಲ್ಲ ಅಷ್ಟೇನು. ಆದ್ರೆ ಕೂರ್ತಾಳೆ" ಅಂದರು. ನನ್ನನ್ನು ಬೈಯಲಿಲ್ಲ. ತಮ್ಮನ್ನೂ ಸಮರ್ಥಿಸಿಕೊಳ್ಳಲಿಲ್ಲ. ಆಮೇಲೆ ಅವರು ಹೋದರು.

ಆ ಕವರನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಸುಡಲು ಮನಸ್ಸಾಗಲಿಲ್ಲ. ಅದರಲ್ಲಿದ್ದದ್ದೂ ಒಂದು ಮಗುವೇ. ಶೆಡ್ಡಿನ ಕೆಲಸ ಶುರುವಾಗುವ ಮೊದಲು ತಾತನ ಹತ್ತಿರ ಹೋಗಿ, ಹೊಂಗೆ ಮರದ ಪಕ್ಕದ್ದು ಯಾರದು ಎಂದು ಕೇಳಿದೆ. ಅವರು ತುಂಬ ಹೊತ್ತು ಯೋಚಿಸಿದರು. ಬಿಲ್ಡಿಂಗ್ ಕೆಲಸಕ್ಕೆ ಬಂದಿದ್ದ ಯಾರೋ ಗಂಡ ಹೆಂಡತಿ, ತೆಲುಗು ಮಾತಾಡುತ್ತಿದ್ದರು, ಕೆಲಸ ಮುಗಿದ ಮೇಲೆ ಊರಿಗೆ ಹೋದರು, ಮತ್ತೆ ಬರಲಿಲ್ಲ ಅಂದರು. ಆಮೇಲೆ, ಅದು ಆ ಮರವೋ, ಆಚೆ ಮರವೋ, ಸರಿಯಾಗಿ ಹೇಳಲಾರೆ ಅಂದರು.

ಸಮಾಧಿಯ ಫೋಟೊ ಕೇಳಿಕೊಂಡು ಹೆಂಗಸರು ಆಮೇಲೂ ಬಂದರು. ನಾನು ಓನರ್‌ಗೆ ಹೇಳಿ ಆ ಕೆಲಸ ನಿಲ್ಲಿಸಿದೆ. ಬಂದವರಿಗೆ, "ಬನ್ನಿ, ನಾನೇ ಜೊತೆಗೆ ಬರ್ತೀನಿ, ನೀವೇ ನೋಡಿ" ಅನ್ನುತ್ತಿದ್ದೆ. ಕೆಲವರು ಹೆದರಿ ವಾಪಸು ಹೋದರು. ಕೆಲವರು ಬಂದರು. ಗೇಟಿನವರೆಗೆ ಬಂದು ಅಲ್ಲೇ ನಿಂತವರೂ ಇದ್ದರು. ಅವರ ಜೊತೆ ನಾನೂ ನಿಲ್ಲುತ್ತಿದ್ದೆ.